ಲೇಹ್‌ಗೆ ಹೊರಟಿದ್ದೀರಾ? ಅಲ್ಲಿ ಏನು ತಿನ್ನಬೇಕು, ಯಾವ ದಿನ ತಿನ್ನಬೇಕು

ಲಡಾಖಿನ ಲೇಹ್‌ಗೆ ಹೋಗಿ ಬಂದ ಮೇಲೆ ಪರಿಚಯದವರು ಕೇಳಿದ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಲ್ಲಿ ಊಟಕ್ಕೆ ಏನು ಮಾಡಿದ್ರಿ?" ಪ್ಯಾಂಗಾಂಗ್ ಸರೋವರ, ಹಿಮದ ಬೆಟ್ಟ, ಸ್ವೆಟರ್ ಎಷ್ಟು ಬೇಕು ಅನ್ನುವುದೆಲ್ಲ ಆಮೇಲೆ. ನಮ್ಮ ಮೈಸೂರು, ಮಂಡ್ಯದ ಕಡೆಯವರಿಗೆ ಊಟದ ಚಿಂತೆ ಜಾಸ್ತಿ. ಆ ಚಿಂತೆ ಸರಿಯಾದದ್ದೇ. ಅಷ್ಟು ಎತ್ತರದ ಊರಿನಲ್ಲಿ ಮೊದಲ ಎರಡು ದಿನ ಹೊಟ್ಟೆ ಕೆಟ್ಟರೆ ಉಳಿದ ದಿನಗಳೂ ಕೆಟ್ಟ ಹಾಗೆಯೇ.

ನಾವು ಎರಡು ಸಲ ಹೋಗಿದ್ದೇವೆ. ಮೊದಲ ಸಲ ನಾನು, ನಮ್ಮ ಯಜಮಾನರು ಇಬ್ಬರೇ. ಬೆಳಿಗ್ಗೆ ವಿಮಾನ ಇಳಿದೆವು. ಬಿಸಿಲು ಚೆನ್ನಾಗಿತ್ತು, ಮೈಯೂ ಹಗುರವಾಗಿತ್ತು. ಸಂಜೆ ಒಂದು ಹೋಟೆಲ್‌ಗೆ ಹೋಗಿ ಬಟರ್ ನಾನ್, ಪನೀರ್, ರಾಜ್ಮಾ, ಜೀರಾ ರೈಸ್ ತರಿಸಿದೆವು. ರಾಜ್ಮಾ ಕಾಳು ಒಳಗೆ ಗಟ್ಟಿ ಇತ್ತು. ಹಸಿದಿದ್ದೆವು, ತಿಂದುಬಿಟ್ಟೆವು. ರಾತ್ರಿ ಹನ್ನೊಂದಕ್ಕೆ ಶುರುವಾಯಿತು, ಇಬ್ಬರಿಗೂ ವಾಂತಿ, ತಲೆನೋವು. ಮಾರನೆಯ ದಿನ ಪೂರ್ತಿ ಕೋಣೆಯಲ್ಲೇ ಮಲಗಿದ್ದೆವು. ಕೊನೆಗೆ ನಮ್ಮನ್ನು ಎಬ್ಬಿಸಿ ಕೂರಿಸಿದ್ದು, ನಾವು ಉಳಿದಿದ್ದ ಮನೆಯ ಅಮ್ಮ ತಂದುಕೊಟ್ಟ ಒಂದು ಬಟ್ಟಲು ಬಿಸಿ ತುಕ್ಪಾ, ಅಂದರೆ ನೂಡಲ್ಸ್ ಹಾಕಿದ ಸಾರು.

ಎರಡನೇ ಸಲ ಅತ್ತೆಯನ್ನೂ ಕರೆದುಕೊಂಡು ಹೋದೆವು. ಅವರು ಮದ್ದೂರಿನ ಕಡೆಯವರು. ವಯಸ್ಸು ಅರವತ್ತೈದು ದಾಟಿದೆ. ಅವರು ಅಲ್ಲಿ ನಮ್ಮಿಬ್ಬರಿಗಿಂತ ಚೆನ್ನಾಗಿ ಉಂಡರು, ಚೆನ್ನಾಗಿ ನಿದ್ದೆ ಮಾಡಿದರು. ಎರಡು ಪ್ರವಾಸದಿಂದ ನಾನು ಕಲಿತದ್ದು ಇಷ್ಟು. ಲೇಹ್‌ನ ಊಟ ಆ ಎತ್ತರಕ್ಕೆಂದೇ ಹುಟ್ಟಿದ ಊಟ. ಅದನ್ನೇ ತಿನ್ನಿ, ಆದರೆ ದಿನ ನೋಡಿಕೊಂಡು ತಿನ್ನಿ.

ಬೇಳೆ ಯಾಕೆ ಬೇಯುವುದಿಲ್ಲ

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ. ಅದರ ತುದಿ ಸುಮಾರು 1,930 ಮೀಟರ್. ಲೇಹ್ ಪೇಟೆ ಇರುವುದೇ 3,500 ಮೀಟರ್ ಮೇಲೆ. ಅಲ್ಲಿ ಗಾಳಿ ತೆಳು. ಸಮುದ್ರ ಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಮೂರನೇ ಎರಡು ಪಾಲು ಮಾತ್ರ ಸಿಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಲು ಎರಡು ದಿನ ಬೇಕು. ಅಲ್ಲಿಯವರೆಗೆ ತಲೆನೋವು, ಓಕರಿಕೆ, ಹಸಿವಾಗದೆ ಇರುವುದು, ನಿದ್ದೆ ಬಾರದಿರುವುದು ಎಲ್ಲ ಸಾಮಾನ್ಯ.

ಗಾಳಿಯ ಒತ್ತಡ ಕಡಿಮೆ ಆದರೆ ನೀರು ಬೇಗ ಕುದಿಯುತ್ತದೆ. ಲೇಹ್‌ನಲ್ಲಿ ನೀರು ಕುದಿಯುವುದು 88 ಡಿಗ್ರಿ ಆಸುಪಾಸಿನಲ್ಲಿ. ಪಾತ್ರೆಯಲ್ಲಿ ನೀರು ತಕಪಕ ಅಂದರೂ ಕಾಳಿಗೆ ಬೇಕಾದಷ್ಟು ಬಿಸಿ ತಾಕುವುದಿಲ್ಲ. ರಾಜ್ಮಾ, ಕಡಲೆ, ತೊಗರಿಬೇಳೆ ಕುಕ್ಕರ್ ಇಲ್ಲದೆ ಬೇಯುವುದು ಕಷ್ಟ. ಕುಕ್ಕರ್ ಇದ್ದರೂ ಅವಸರದ ಅಡುಗೆಮನೆಯಲ್ಲಿ ಅರೆಬೆಂದೇ ಇಳಿಯುತ್ತದೆ. ನಮಗೆ ಆದದ್ದು ಅದೇ.

ಅಲ್ಲಿನ ಹಳಬರು ಇದಕ್ಕೆ ದಾರಿ ಕಂಡುಕೊಂಡಿದ್ದರು. ಬಾರ್ಲಿಯನ್ನು ಮೊದಲು ಹುರಿದು ಹಿಟ್ಟು ಮಾಡಿದರು. ಹುರಿದಾಗಲೇ ಅರ್ಧ ಅಡುಗೆ ಆದಂತೆ. ಆಮೇಲೆ ಬಿಸಿ ಚಹಾದಲ್ಲಿ ಕಲಸಿದರೂ ತಿನ್ನಬಹುದು. ಈ ಹಿಟ್ಟನ್ನು ಲಡಾಖಿನಲ್ಲಿ ನಂಫೆ ಅನ್ನುತ್ತಾರೆ, ಟಿಬೆಟಿನವರು ಸಂಪಾ ಅನ್ನುತ್ತಾರೆ. ನಾವು ಚಿಕ್ಕವರಿದ್ದಾಗ ಬೆಲ್ಲ, ಹಾಲು ಹಾಕಿ ಕಲಸಿ ತಿನ್ನುತ್ತಿದ್ದ ರಾಗಿ ಹುರಿಹಿಟ್ಟು ಇದರ ಅಣ್ಣನೋ ತಮ್ಮನೋ ಇರಬೇಕು. ಗೋಧಿ ಹಿಟ್ಟಿನದಾದರೆ ಸಣ್ಣ ಸಣ್ಣ ತುಂಡು ಮಾಡಿ ಸಾರಿನಲ್ಲೇ ಬೇಯಿಸುತ್ತಾರೆ. ತುಂಡು ಚಿಕ್ಕದಾದಷ್ಟು ಬೇಗ ಬೇಯುತ್ತದೆ, ಅಲ್ವಾ? ಲೇಹ್‌ನ ಅಡುಗೆ ಅರ್ಥವಾಗಲು ಇಷ್ಟು ಸಾಕು.

ಹೊರಡುವ ಮುಂಚೆ ಬೈಲಕುಪ್ಪೆಗೆ ಒಂದು ಭಾನುವಾರ

ಇದು ಮೈಸೂರಿನವರಿಗೆ ಸಿಕ್ಕಿರುವ ದೊಡ್ಡ ಅನುಕೂಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇಲ್ಲಿಂದ ಸುಮಾರು 80 ಕಿಲೋಮೀಟರ್. 1960ರ ದಶಕದ ಶುರುವಿನಿಂದ ಅಲ್ಲಿ ಟಿಬೆಟಿನವರು ನೆಲೆಸಿದ್ದಾರೆ. ಚಿನ್ನದ ಬಣ್ಣದ ದೇವಸ್ಥಾನ ನೋಡಲು ಎಲ್ಲರೂ ಹೋಗುತ್ತಾರೆ. ನೀವು ಈ ಸಲ ಊಟಕ್ಕೆಂದೇ ಹೋಗಿ.

ಸಣ್ಣ ಹೋಟೆಲ್‌ನಲ್ಲಿ ಕೂತು ಒಂದು ತುಕ್ಪಾ, ಒಂದು ಟಿಂಗ್ಮೊ, ಸಿಕ್ಕರೆ ಒಂದು ಲೋಟ ಬೆಣ್ಣೆ ಚಹಾ ತರಿಸಿ. ತುಕ್ಪಾ ಅಂದರೆ ನೂಡಲ್ಸ್ ಹಾಕಿದ ತೆಳು ಸಾರು. ಟಿಂಗ್ಮೊ ಹಬೆಯಲ್ಲಿ ಬೆಂದ, ಪದರ ಪದರವಾದ ಸಪ್ಪೆ ಬನ್ನು. ಮೊಮೊ ಈಗ ಮೈಸೂರಿನ ಬೀದಿ ಬೀದಿಯಲ್ಲೂ ಇದೆ, ಅದರ ಬಗ್ಗೆ ಹೇಳುವುದು ಬೇಡ. ಮನೆಯ ಹಿರಿಯರು, ಮಕ್ಕಳು ಜೊತೆಗಿದ್ದರೆ ಯಾರಿಗೆ ಯಾವುದು ಸೇರುತ್ತದೆ ಅನ್ನುವುದು ಇಲ್ಲಿಯೇ ಗೊತ್ತಾಗುತ್ತದೆ. ಮೈ ಸರಿ ಇರುವಾಗ, ಪರಿಚಯದ ನೆಲದಲ್ಲಿ ಹೊಸ ರುಚಿ ನೋಡಿದರೆ ಅಲ್ಲಿ ಹೋದಾಗ ನಾಲಗೆಗೆ ಭಯ ಇರುವುದಿಲ್ಲ. ಟಿಬೆಟ್ ಅಡುಗೆ ಬೇರೆ, ಲಡಾಖಿ ಅಡುಗೆ ಬೇರೆ. ಆದರೂ ಇಬ್ಬರೂ ನೆಂಟರು.

ಇದೇ ವಾರದಲ್ಲಿ ವೈದ್ಯರನ್ನೂ ಕಂಡುಬನ್ನಿ. ಬಿಪಿ, ಸಕ್ಕರೆ, ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಕೇಳದೆ ಹೊರಡಲೇಬಾರದು. ಎತ್ತರಕ್ಕೆ ಹೊಂದಿಕೊಳ್ಳಲು ಡಯಾಮಾಕ್ಸ್ ಅನ್ನುವ ಮಾತ್ರೆ ಕೊಡುವುದುಂಟು. ಅದನ್ನು ವೈದ್ಯರು ಹೇಳಿದರೆ ಮಾತ್ರ ತೆಗೆದುಕೊಳ್ಳಿ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ಆ ಮಾತ್ರೆ ತಿಂದಾಗ ಬೆರಳು ಜುಮ್ಮೆನ್ನಬಹುದು, ಸೋಡಾ ಇರುವ ಪಾನೀಯದ ರುಚಿ ಕೆಟ್ಟಂತೆ ಅನ್ನಿಸಬಹುದು. ಗಾಬರಿ ಬೇಡ, ಬಾಟಲಿ ಹಳಸಿದೆ ಅಂದುಕೊಳ್ಳುವುದೂ ಬೇಡ.

ಚೀಲದಲ್ಲಿ ಏನಿರಲಿ

ಸ್ಥಳೀಯ ಊಟ ತಿನ್ನಿ ಅಂತ ಹೇಳಿ ಇಲ್ಲಿಂದ ಬುತ್ತಿ ಒಯ್ಯಿರಿ ಅನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲ ದಿನ ಹೊರಗೆ ಹೋಗುವ ಶಕ್ತಿ ಇರುವುದಿಲ್ಲ. ಆಗ ಒಂದು ಫ್ಲಾಸ್ಕ್ ಬಿಸಿನೀರಿನಲ್ಲಿ ಆಗುವಂಥದ್ದು ಕೈಗೆ ಸಿಗಬೇಕು. ನಾವು ಒಯ್ದದ್ದು ರಾಗಿ ಹುರಿಹಿಟ್ಟು, ತೆಳು ಅವಲಕ್ಕಿ, ಚಟ್ನಿಪುಡಿ, ಶುಂಠಿ, ಬೆಲ್ಲ. ಅಕ್ಕಿ, ಬೇಳೆ, ರವೆ ಯಾವುದೂ ಬೇಡ. ಒಣಕೊಬ್ಬರಿ ಗಿಟುಕನ್ನು ವಿಮಾನದಲ್ಲಿ ಬಿಡುವುದಿಲ್ಲ. ಉಪ್ಪಿನಕಾಯಿ ಬಾಟಲಿ ಒಯ್ಯುವುದಾದರೆ ಎರಡು ಕವರ್‌ನಲ್ಲಿ ಬಿಗಿಯಾಗಿ ಸುತ್ತಿ ದೊಡ್ಡ ಬ್ಯಾಗಿಗೆ ಹಾಕಿ. ಮೇಲೆ ಹೋದಂತೆ ಒಳಗಿನ ಗಾಳಿ ಹಿಗ್ಗಿ ಎಣ್ಣೆ ಹೊರಗೆ ಬರುತ್ತದೆ. ನಮ್ಮ ಕೋಡುಬಳೆ ಪ್ಯಾಕೆಟ್ಟು ಲೇಹ್ ತಲುಪುವ ಹೊತ್ತಿಗೆ ಬಲೂನಿನ ಹಾಗೆ ಊದಿತ್ತು.

ಕಾಫಿ ಪುಡಿ ಮಾತ್ರ ಮರೆಯಬೇಡಿ. ದಿನಾ ಎರಡು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ತಲೆ ಸಿಡಿಯುತ್ತದೆ. ಎತ್ತರದ ತಲೆನೋವೂ ಹಾಗೆಯೇ ಇರುತ್ತದೆ. ಯಾವುದು ಯಾವುದು ಅಂತ ತಿಳಿಯದೆ ಒದ್ದಾಡಬೇಕಾಗುತ್ತದೆ. ಎತ್ತರದಲ್ಲಿ ಕಾಫಿ ಕುಡಿಯಬಾರದು ಅನ್ನುವ ಮಾತು ಕೇಳಿರಬಹುದು. ಅಭ್ಯಾಸ ಇದ್ದವರು ಅಭ್ಯಾಸದಷ್ಟೇ ಕುಡಿದರೆ ತೊಂದರೆ ಇಲ್ಲ. ಜಾಸ್ತಿ ಬೇಡ, ಅಷ್ಟೇ. ಒಂದು ಪುಟ್ಟ ಸ್ಟೀಲ್ ಫಿಲ್ಟರ್ ಜೊತೆಯಲ್ಲಿರಲಿ.

ಇಲ್ಲೊಂದು ಮಾತು ಹೇಳಬೇಕು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ 1961ರಲ್ಲಿ ಶುರುವಾಗಿ ದಶಕಗಳ ಕಾಲ ಸೈನಿಕರ ಊಟದ ಮೇಲೆ ಕೆಲಸ ಮಾಡಿದೆ. ಬೇಗ ಕೆಡದ, ಬಿಸಿ ಮಾಡಿ ತಿನ್ನಬಹುದಾದ ಪೊಟ್ಟಣಗಳು. ಲಡಾಖಿನ ಗಡಿಯಲ್ಲಿ ನಿಂತ ಹುಡುಗರನ್ನು ದಾರಿಯಲ್ಲಿ ನೋಡಿದಾಗ ನನಗೆ ನಮ್ಮ ಸಿದ್ಧಾರ್ಥನಗರದ ಆ ಕಟ್ಟಡ ನೆನಪಾಯಿತು. ಹೆಮ್ಮೆ ಅನ್ನಿಸಿತು.

ಮೊದಲ ದಿನ: ಹೊರಗಿನ ಊಟವೇ ಬೇಡ

ಲೇಹ್‌ಗೆ ವಿಮಾನಗಳು ಬಹುಪಾಲು ಬೆಳಿಗ್ಗೆಯೇ ಇಳಿಯುತ್ತವೆ. ಮಧ್ಯಾಹ್ನದ ಮೇಲೆ ಗಾಳಿ ಜೋರು. ಅಂದರೆ ನೀವು ಹಿಂದಿನ ರಾತ್ರಿ ಬೆಂಗಳೂರು ಬಿಟ್ಟು, ದೆಹಲಿಯಲ್ಲಿ ನಿದ್ದೆಗೆಟ್ಟು ಬಂದಿರುತ್ತೀರಿ. ಹಿಂದಿನ ರಾತ್ರಿ ಮೊಸರನ್ನ, ಚಪಾತಿಯಂಥ ಹಗುರ ಊಟ ಇರಲಿ.

ಇಳಿದ ಮೇಲೆ ಮಲಗಿ. ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುತ್ತಿರಿ. ಅಲ್ಲಿನ ಗಾಳಿ ಒಣ, ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಮೂತ್ರ ತಿಳಿಯಾಗಿ ಬರುತ್ತಿದ್ದರೆ ನೀರು ಸಾಕಷ್ಟು ಹೋಗುತ್ತಿದೆ ಅಂತ. ಒಂದೇ ಸಲ ಲೀಟರ್‌ಗಟ್ಟಲೆ ಕುಡಿಯುವುದೂ ಒಳ್ಳೆಯದಲ್ಲ.

ಊಟ ಉಳಿದುಕೊಂಡ ಕಡೆಯೇ ಮಾಡಿ. ಬಿಸಿ ಸೂಪ್, ರೊಟ್ಟಿ, ಮೆತ್ತಗಿನ ಅನ್ನ, ಆಲೂಗಡ್ಡೆ. ಪ್ರತಿ ಸಲ ಅರ್ಧ ಹೊಟ್ಟೆ, ಎರಡು ಮೂರು ಗಂಟೆಗೊಮ್ಮೆ. ರಾಜ್ಮಾ, ಕಡಲೆಕಾಳು, ಎಲೆಕೋಸು ಈ ದಿನ ಬೇಡ. ಪ್ಯಾಕೆಟ್ಟು ಊದಿದ ಹಾಗೆಯೇ ಹೊಟ್ಟೆಯೊಳಗಿನ ಗಾಳಿಯೂ ಹಿಗ್ಗುತ್ತದೆ. ಕರಿದದ್ದು, ಬೆಣ್ಣೆ ಸುರಿದದ್ದು ಬೇಡ. ಮದ್ಯ, ಬಿಯರ್ ಕನಿಷ್ಠ ಎರಡು ದಿನ ಮುಟ್ಟಲೇಬೇಡಿ. ಅಲ್ಲಿ ಬಾರ್ಲಿಯಿಂದ ಮಾಡುವ ಛಾಂಗ್ ಅನ್ನುವ ಪಾನೀಯವೂ ಇದೇ ಲೆಕ್ಕಕ್ಕೆ ಬರುತ್ತದೆ.

ಹಸಿವೇ ಆಗದಿದ್ದರೆ ಬಲವಂತವಾಗಿ ತಿನ್ನಬೇಡಿ. ಹುರಿಹಿಟ್ಟಿನ ಗಂಜಿ ಒಂದು ಲೋಟ ಸಾಕು. ಆದರೆ ಹಸಿವಿಲ್ಲದಿರುವುದರ ಜೊತೆಗೆ ತಲೆನೋವು ಜೋರಾಗುತ್ತಾ ಹೋದರೆ, ವಾಂತಿ ನಿಲ್ಲದಿದ್ದರೆ, ಕೂತಲ್ಲೇ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ ತಡಮಾಡಬೇಡಿ. ಲೇಹ್‌ನಲ್ಲಿ ಸೋನಮ್ ನೋರ್ಬು ಸ್ಮಾರಕ ಆಸ್ಪತ್ರೆ ಇದೆ. ಈ ತೊಂದರೆ ಅಲ್ಲಿನವರಿಗೆ ಚೆನ್ನಾಗಿ ಗೊತ್ತು. ನೇರವಾಗಿ ಹೋಗಿ ಆಮ್ಲಜನಕ ಹಾಕಿಸಿಕೊಳ್ಳಿ. ಊಟ ಸರಿಹೋಗಿಲ್ಲ ಅಂತ ಜೀರಿಗೆ ಕಷಾಯ ಕುಡಿದು ಕಾಯುವ ಸಮಯ ಅದಲ್ಲ.

ಎರಡನೇ ದಿನ: ರೊಟ್ಟಿ ಗಲ್ಲಿಯಿಂದ ಶುರು

ತಲೆ ಹಗುರಾಗಿದ್ದರೆ ಎರಡನೇ ದಿನ ಬೆಳಿಗ್ಗೆ ಮುಖ್ಯ ಪೇಟೆಗೆ ಹೋಗಿ. ನಿಧಾನವಾಗಿ. ಹತ್ತು ಹೆಜ್ಜೆಗೊಮ್ಮೆ ನಿಂತರೂ ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಪೇಟೆಯ ತುದಿಯಲ್ಲಿ 17ನೇ ಶತಮಾನದ ಜಾಮಾ ಮಸೀದಿ ಇದೆ. ಅದರ ಹಿಂದಿನ ಇಕ್ಕಟ್ಟಾದ ಗಲ್ಲಿಯಲ್ಲಿ ಸಾಲಾಗಿ ರೊಟ್ಟಿ ಸುಡುವ ಅಂಗಡಿಗಳು. ನೆಲದಲ್ಲೇ ಕೂರಿಸಿದ ತಂದೂರಿ ಒಲೆ. ಒಬ್ಬರು ಹಿಟ್ಟು ತಟ್ಟುತ್ತಾರೆ, ಇನ್ನೊಬ್ಬರು ಒಲೆಯ ಗೋಡೆಗೆ ಅಂಟಿಸುತ್ತಾರೆ, ಉದ್ದದ ಕಬ್ಬಿಣದ ಕಡ್ಡಿಯಿಂದ ಎತ್ತಿ ಹೊರಗೆ ಹಾಕುತ್ತಾರೆ. ಊರಿನವರು ಬಟ್ಟೆ ಚೀಲ ಹಿಡಿದು ಬಂದು ಕಟ್ಟುಗಟ್ಟಲೆ ಒಯ್ಯುತ್ತಾರೆ. ನೀವು ಎರಡು ರೊಟ್ಟಿ ತೆಗೆದುಕೊಂಡು ಅಲ್ಲೇ ಬಿಸಿಯಾಗಿ ಮುರಿದು ತಿನ್ನಿ. ಲೇಹ್‌ನಲ್ಲಿ ನನಗೆ ಅತಿ ಇಷ್ಟವಾದ ತಿಂಡಿ ಅದೇ. ಜೊತೆಗೆ ಏನೂ ಬೇಕಾಗಲಿಲ್ಲ.

ಲಡಾಖಿನದೇ ಆದ ಇನ್ನೊಂದು ರೊಟ್ಟಿಗೆ ಖಂಬೀರ್ ಅಂತ ಹೆಸರು. ದಪ್ಪ, ದುಂಡಗೆ, ಮೇಲೆ ಕಂದು ಸಿಪ್ಪೆ, ಒಳಗೆ ಮೆತ್ತಗೆ. ಹಿಟ್ಟು ಹುಳಿ ಬರಿಸಿ ಮಾಡುವುದರಿಂದ ಹೊಟ್ಟೆಗೆ ಹಗುರ. ಏಪ್ರಿಕಾಟ್ ಜಾಮ್ ಅಥವಾ ಬೆಣ್ಣೆ ಜೊತೆ ತಿನ್ನುತ್ತಾರೆ. ಪ್ರಯಾಣಕ್ಕೂ ಒಳ್ಳೆಯದು, ಮಾರನೆಯ ದಿನವೂ ಚೆನ್ನಾಗಿರುತ್ತದೆ.

ಈಗ ಗುರ್‌ಗುರ್ ಚಾ ಕುಡಿಯುವ ಹೊತ್ತು. ಚಹಾ ಸೊಪ್ಪಿನ ಕಷಾಯಕ್ಕೆ ಬೆಣ್ಣೆ, ಉಪ್ಪು, ಹಾಲು ಹಾಕಿ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಾರೆ. ಕಡೆಯುವಾಗ ಬರುವ ಸದ್ದೇ ಹೆಸರಾಗಿದೆ. ಸಕ್ಕರೆ ಹಾಕಿದ ಟೀ ನಿರೀಕ್ಷೆ ಮಾಡಿ ಬಾಯಿಗಿಟ್ಟರೆ ಮುಖ ಹಿಂಡುತ್ತದೆ. ಜ್ವರ ಬಂದಾಗ ಅಮ್ಮ ಕೊಡುತ್ತಿದ್ದ ಉಪ್ಪು ಹಾಕಿದ ಗಂಜಿ ತಿಳಿಯನ್ನು ನೆನೆಸಿಕೊಂಡು ಕುಡಿಯಿರಿ. ಮೂರನೇ ಗುಟುಕಿಗೆ ಇಷ್ಟವಾಗುತ್ತದೆ. ಚಳಿ, ಒಣಗಾಳಿ, ಬೆವರಿನಲ್ಲಿ ಹೋಗುವ ಉಪ್ಪು ಎಲ್ಲಕ್ಕೂ ಅದು ಸರಿಯಾದ ಪಾನೀಯ. ಬಿಪಿ ಇದ್ದವರು ಅರ್ಧ ಲೋಟಕ್ಕೆ ನಿಲ್ಲಿಸಿ, ಉಪ್ಪು ಜಾಸ್ತಿ ಇರುತ್ತದೆ.

ಮಧ್ಯಾಹ್ನ ತುಕ್ಪಾ ತಿನ್ನಿ. ಹೋಟೆಲ್ ಹೇಗೆ ಆರಿಸುವುದು ಅಂತ ಕೇಳುತ್ತಾರೆ. ಚಾಂಗ್ಸ್ಪಾ ರಸ್ತೆಯಲ್ಲಿ, ಫೋರ್ಟ್ ರಸ್ತೆಯಲ್ಲಿ ಪ್ರವಾಸಿಗಳಿಗೆಂದೇ ಇರುವ ಹೋಟೆಲ್‌ಗಳು ಸಾಲಾಗಿವೆ. ಅಲ್ಲಿ ದರಪಟ್ಟಿ ಹತ್ತು ಪುಟ ಇರುತ್ತದೆ. ಪಿಜ್ಜಾದಿಂದ ಬಿರಿಯಾನಿವರೆಗೆ ಎಲ್ಲ ಸಿಗುತ್ತದೆ. ನಾನು ಆ ಕಡೆ ಕಳಿಸುವುದಿಲ್ಲ. ಪೇಟೆಯ ಒಳಗಲ್ಲಿಗಳಲ್ಲಿ, ಮೋತಿ ಮಾರ್ಕೆಟ್ ಕಡೆ, ನಾಲ್ಕೈದು ಮೇಜು ಹಾಕಿರುವ ಸಣ್ಣ ಹೋಟೆಲ್ ನೋಡಿ. ಊರಿನವರೇ ಕೂತಿರಬೇಕು. ಟ್ಯಾಕ್ಸಿ ಓಡಿಸುವವರು, ಅಂಗಡಿಯವರು, ಶಾಲೆ ಬಟ್ಟೆಯ ಮಕ್ಕಳು. ಐದಾರು ಪದಾರ್ಥ ಮಾತ್ರ ಮಾಡುವ ಕಡೆ ಪ್ರತಿಯೊಂದೂ ಅವತ್ತಿನದೇ ಆಗಿರುತ್ತದೆ. ಮೈಸೂರಿನಲ್ಲಿ ಒಳ್ಳೆಯ ದೋಸೆ ಹೋಟೆಲನ್ನು ನಾವು ಕಂಡುಹಿಡಿಯುವುದೂ ಹೀಗೆ ತಾನೇ?

ಸಸ್ಯಾಹಾರಿಗಳು ಒಂದು ಪ್ರಶ್ನೆ ಕೇಳಲೇಬೇಕು. ವೆಜ್ ತುಕ್ಪಾ ಅಂದರೂ ಕೆಲವು ಕಡೆ ಸಾರು ಮೂಳೆ ಬೇಯಿಸಿದ ನೀರಿನದೇ ಇರಬಹುದು. "ಸೂಪ್ ಭೀ ವೆಜ್ ಹೈ ಕ್ಯಾ?" ಅಂತ ಹಿಂದಿಯಲ್ಲಿ ಬಿಡಿಸಿ ಕೇಳಿ. ಅಲ್ಲಿ ಬಹುತೇಕ ಎಲ್ಲರಿಗೂ ಹಿಂದಿ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಶಾ ಅಂದರೆ ಮಾಂಸ. ದರಪಟ್ಟಿಯಲ್ಲಿ ಆ ಪದ ಕಂಡರೆ ತಿಳಿದುಕೊಳ್ಳಿ. ಮಾಂಸ ತಿನ್ನುವವರೂ ಮೂರನೇ ದಿನದವರೆಗೆ ಕಾದರೆ ಒಳ್ಳೆಯದು. ನಾಟಿಕೋಳಿ ಸಾರು ಉಂಡು ಬೆಳೆದ ನಮ್ಮ ಯಜಮಾನರಿಗೆ ಈ ನಿಯಮ ಕಷ್ಟವಾಯಿತು. ಆದರೂ ಎರಡನೇ ಸಲ ಅವರೇ ಅದನ್ನು ಪಾಲಿಸಿದರು.

ಮೂರನೇ ದಿನ: ಪಾಬಾ, ಸ್ಕ್ಯೂ, ಛುತಾಗಿ

ನಿಜವಾದ ಲಡಾಖಿ ಊಟ ಮೂರನೇ ದಿನಕ್ಕೆ ಇಟ್ಟುಕೊಳ್ಳಿ. ಇವು ಗಟ್ಟಿ ಊಟ. ಹೊಲದಲ್ಲಿ ದುಡಿಯುವವರ ಊಟ. ಹೊಟ್ಟೆ ಸಿದ್ಧವಾಗಿದ್ದಾಗ ಮಾತ್ರ ಅದರ ಸುಖ ತಿಳಿಯುತ್ತದೆ. ಎಲ್ಲ ಹೋಟೆಲ್‌ಗಳಲ್ಲೂ ಸಿಗುವುದಿಲ್ಲ. ಸಿಕ್ಕರೂ ಮಾಡಲು ಹೊತ್ತು ಹಿಡಿಯುತ್ತದೆ. ಹಿಂದಿನ ದಿನವೇ ಹೇಳಿಡಿ. ಹೋಂಸ್ಟೇಯಲ್ಲಿ ಉಳಿದಿದ್ದರೆ ಬೆಳಿಗ್ಗೆ ತಿಂಡಿ ಹೊತ್ತಿನಲ್ಲಿ ಕೇಳಿಕೊಂಡರೆ ರಾತ್ರಿಗೆ ಮಾಡಿಕೊಡುತ್ತಾರೆ.

ಸ್ಕ್ಯೂ ಅಂದರೆ ಗೋಧಿ ಹಿಟ್ಟಿನ ಸಣ್ಣ ಉಂಡೆಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ಬಟ್ಟಲಿನಂತೆ ಮಾಡಿ, ಆಲೂಗಡ್ಡೆ, ಕ್ಯಾರೆಟ್, ಟರ್ನಿಪ್ ಜೊತೆ ಬೇಯಿಸಿದ ಗಟ್ಟಿ ಸಾರು. ಟರ್ನಿಪ್ ನಮ್ಮ ನವಿಲುಕೋಸಿನ ಹಾಗೆ, ಸ್ವಲ್ಪ ಸಿಹಿ. ಛುತಾಗಿಯಲ್ಲಿ ಹಿಟ್ಟಿನ ತುಂಡುಗಳು ಬೋ ಟೈ ಆಕಾರದಲ್ಲಿರುತ್ತವೆ. ಛು ಅಂದರೆ ನೀರು, ತಾಗಿ ಅಂದರೆ ರೊಟ್ಟಿ. ನೀರಿನಲ್ಲಿ ಬೆಂದ ರೊಟ್ಟಿ ಅಂತ ಅರ್ಥ. ಖಾರ ಎರಡರಲ್ಲೂ ಇಲ್ಲವೇ ಇಲ್ಲ ಅನ್ನಬಹುದು. ಚಟ್ನಿಪುಡಿ ಚೀಲದಿಂದ ತೆಗೆಯುವ ಮುಂಚೆ ನಾಲ್ಕು ಚಮಚ ಹಾಗೆಯೇ ತಿಂದು ನೋಡಿ. ಗೆಡ್ಡೆಗಳ ಸಿಹಿ ಆಗ ತಿಳಿಯುತ್ತದೆ.

ಇನ್ನು ಪಾಬಾ. ಬಾರ್ಲಿ, ಬಟಾಣಿ ಹುರಿದು ಬೀಸಿದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಲ್ಲಿ ಗಟ್ಟಿಯಾಗಿ ತಿರುವಿ, ಉಂಡೆ ಕಟ್ಟಿ ಬಡಿಸುತ್ತಾರೆ. ಓದುವಾಗಲೇ ನಿಮಗೆ ಹೊಳೆದಿರಬೇಕು. ನಮ್ಮ ಅತ್ತೆ ಆ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಮ್ಮೆಗೇ ನನ್ನ ಕೈ ಹಿಡಿದು, "ಇದು ನಮ್ ಹಿಟ್ಟೇ ಕಣವ್ವ!" ಅಂದರು. ಮಂಡ್ಯದ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು. ಒಳಗೆ ಹೋಗಿ ಕೋಲು ಇಸಿದುಕೊಂಡರು. ಆ ಮನೆಯ ಅಮ್ಮನಿಗೆ ಕನ್ನಡ ಗೊತ್ತಿಲ್ಲ, ಅತ್ತೆಗೆ ಹಿಂದಿ ಬರುವುದಿಲ್ಲ. ಇಬ್ಬರೂ ಒಂದೇ ಪಾತ್ರೆಯ ಎದುರು ಕೂತು ಅರ್ಧ ಗಂಟೆ ಮಾತಾಡಿದರು. ನಾನು ನೋಡಿದ ಪ್ಯಾಂಗಾಂಗ್‌ಗಿಂತ ಆ ಅರ್ಧ ಗಂಟೆ ನನಗೆ ಹೆಚ್ಚು.

ಪಾಬಾ ಜೊತೆಗೆ ತಂಗ್ತುರ್ ಕೊಡುತ್ತಾರೆ. ಮೊಸರು ಅಥವಾ ಮಜ್ಜಿಗೆಯಲ್ಲಿ ಬೆಟ್ಟದ ಸೊಪ್ಪು ಹಾಕಿದ್ದು. ತಂಬುಳಿ ಅಂದುಕೊಳ್ಳಿ. ಬಸ್ಸಾರು, ಉಪ್ಸಾರು ಇಲ್ಲವಲ್ಲ ಅಂತ ಕೊರಗಬೇಡಿ, ಈ ಜೋಡಿಯೂ ಚೆನ್ನಾಗಿ ಹೊಂದುತ್ತದೆ. ಒಂದು ಎಚ್ಚರಿಕೆ. ಮುದ್ದೆಯ ಹಾಗೆ ಅದ್ದಿ ನುಂಗಬೇಡಿ. ಪಾಬಾ ಒರಟು, ಗಂಟಲಲ್ಲಿ ನಿಲ್ಲುತ್ತದೆ. ಸಣ್ಣದಾಗಿ ಮುರಿದು, ಅದ್ದಿ, ಅಗಿದು ತಿನ್ನಿ. ನಿಮ್ಮ ಲೆಕ್ಕದ ಅರ್ಧ ಮುದ್ದೆಗೇ ಹೊಟ್ಟೆ ತುಂಬುತ್ತದೆ.

ಮನೆಯೊಳಗಿನ ಮರ್ಯಾದೆ

ಜೂಲೇ ಅನ್ನುವ ಒಂದು ಮಾತು ಕಲಿತರೆ ಅರ್ಧ ಕೆಲಸ ಆಯಿತು. ನಮಸ್ಕಾರಕ್ಕೂ ಅದೇ, ಧನ್ಯವಾದಕ್ಕೂ ಅದೇ, ಹೊರಡುವಾಗಲೂ ಅದೇ. ಹಿರಿಯ ಹೆಂಗಸನ್ನು ಆಮಾಲೇ, ಅಕ್ಕನ ವಯಸ್ಸಿನವರನ್ನು ಆಚೇಲೇ, ಅಣ್ಣನ ವಯಸ್ಸಿನವರನ್ನು ಆಚೋಲೇ ಅಂತ ಕರೆಯಿರಿ. ಆ ಲೇ ಅನ್ನುವುದು ಗೌರವಕ್ಕೆ ಸೇರಿಸುವುದು, ನಮ್ಮ ಅವರೇ, ರೀ ಇದ್ದ ಹಾಗೆ. ನಮ್ಮ ಊರಿನಲ್ಲಿ ಲೇ ಅಂದರೆ ಜಗಳವಾಗುತ್ತದೆ, ಅಲ್ಲಿ ಅದು ಮರ್ಯಾದೆ. ಊಟ ಹಿಡಿಸಿದರೆ ಝಿಂಪೋ ರಾಗ್ ಅನ್ನಿ. ರುಚಿಯಾಗಿದೆ ಅಂತ.

ಮನೆಗೆ ಕರೆದು ಕೂರಿಸಿದರೆ ಡೋನ್‌ಲೇ, ಡೋನ್‌ಲೇ ಅಂತ ಒತ್ತಾಯ ಮಾಡುತ್ತಾರೆ. ತಿನ್ನಿ, ಕುಡಿಯಿರಿ ಅಂತ ಅರ್ಥ. ಮೊದಲ ಸಲಕ್ಕೇ ತಟ್ಟೆ ಚಾಚುವುದು ಅಲ್ಲಿಯೂ ಪದ್ಧತಿಯಲ್ಲ. ನಾವು ಸಾಕು ಸಾಕು ಅನ್ನುತ್ತಲೇ ಹಾಕಿಸಿಕೊಳ್ಳುವ ಹಾಗೆ ಅವರಿಗೂ ಅಭ್ಯಾಸ. ಬೆಣ್ಣೆ ಚಹಾದ ಬಟ್ಟಲು ಸ್ವಲ್ಪ ಖಾಲಿಯಾದರೂ ಮತ್ತೆ ತುಂಬಿಸುತ್ತಾರೆ. ಇನ್ನು ಬೇಡ ಅನ್ನಿಸಿದರೆ ತುಂಬಿದ ಬಟ್ಟಲನ್ನು ಹಾಗೆಯೇ ಇಟ್ಟುಕೊಂಡಿರಿ. ಏಳುವಾಗ ಕುಡಿದು ಏಳಿ. ಇದು ಗೊತ್ತಿಲ್ಲದೆ ನಾನು ಐದು ಬಟ್ಟಲು ಕುಡಿದಿದ್ದೇನೆ.

ನೀರು ಅಲ್ಲಿ ದುಬಾರಿ ವಸ್ತು. ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ. ಮೈಸೂರಿನಲ್ಲಿ ಅದರ ಏಳೆಂಟು ಪಟ್ಟು ಬೀಳುತ್ತದೆ. ಹಿಮ ಕರಗಿ ಬರುವ ನೀರೇ ಹೊಲಕ್ಕೂ ಮನೆಗೂ. ಆದ್ದರಿಂದ ತಟ್ಟೆಯಲ್ಲಿ ಬಿಡಬೇಡಿ, ಲೋಟದಲ್ಲೂ ಬಿಡಬೇಡಿ. ಸ್ಟೀಲ್ ಬಾಟಲಿ ಒಯ್ದು ಕುದಿಸಿದ ಅಥವಾ ಫಿಲ್ಟರ್ ನೀರು ತುಂಬಿಸಿಕೊಳ್ಳಿ. ಪ್ಲಾಸ್ಟಿಕ್ ಚೀಲ ಬೇಡ ಅಂತ ಅಲ್ಲಿನ ಹೆಂಗಸರು 1990ರ ದಶಕದಲ್ಲೇ ದನಿ ಎತ್ತಿದ್ದರು. ಬಟ್ಟೆ ಚೀಲ ಜೊತೆಯಲ್ಲಿರಲಿ.

ದುಡ್ಡಿನ ವಿಷಯ ಚಿಕ್ಕದು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ನೆಟ್‌ವರ್ಕ್ ಇಲ್ಲದ ಕಡೆ ಫೋನಿನಿಂದ ಹಣ ಹೋಗುವುದಿಲ್ಲ. ನೂರು, ಇನ್ನೂರರ ನೋಟು ಇಟ್ಟುಕೊಳ್ಳಿ.

ಪೇಟೆ ಬಿಟ್ಟು ಹೊರಗೆ ಹೋದಾಗ

ಖರ್ದುಂಗ್ ಲಾ ಕಣಿವೆದಾರಿ 5,300 ಮೀಟರ್‌ಗಿಂತ ಎತ್ತರ. ಅಲ್ಲಿ ಮ್ಯಾಗಿ, ಚಹಾ ಸಿಗುತ್ತದೆ. ಚಹಾ ಕುಡಿಯಿರಿ, ಮ್ಯಾಗಿ ಬಿಡಿ. ತಿನ್ನಲು ಕೂತರೆ ಹೊತ್ತಾಗುತ್ತದೆ, ಅಷ್ಟು ಎತ್ತರದಲ್ಲಿ ಕಾಲು ಗಂಟೆಗಿಂತ ಹೆಚ್ಚು ಇರುವುದು ಒಳ್ಳೆಯದಲ್ಲ. ಮೇಲಾಗಿ ಇಳಿಜಾರಿನ ತಿರುವುಗಳು ಮುಂದಿವೆ. ಬೆಳಿಗ್ಗೆ ಖಂಬೀರ್, ಬೇಯಿಸಿದ ಮೊಟ್ಟೆ ಅಥವಾ ಬೆಲ್ಲ ಕಟ್ಟಿಕೊಂಡು ಹೊರಟರೆ ಆಚೆ ಬದಿಯ ನುಬ್ರಾ ಕಣಿವೆ ತಲುಪಿ ಹೊಟ್ಟೆ ತುಂಬ ಉಣ್ಣಬಹುದು. ನುಬ್ರಾ ಲೇಹ್‌ಗಿಂತ ತಗ್ಗು, ಊಟ ಚೆನ್ನಾಗಿ ಸೇರುತ್ತದೆ. ಪ್ಯಾಂಗಾಂಗ್ 4,200 ಮೀಟರ್‌ಗಿಂತ ಮೇಲೆ. ಅಲ್ಲಿ ರಾತ್ರಿ ಉಳಿಯುವುದಾದರೆ ಮತ್ತೆ ಮೊದಲ ದಿನದ ನಿಯಮವೇ. ಸೂಪ್, ರೊಟ್ಟಿ, ಅರ್ಧ ಹೊಟ್ಟೆ.

ಒಂದು ಹಗಲು ಆಲ್ಚಿಗೆ ಇಡಿ. ಲೇಹ್‌ನಿಂದ ಪಶ್ಚಿಮಕ್ಕೆ 65 ಕಿಲೋಮೀಟರ್ ಆಸುಪಾಸು. ಹಳೆಯ ಗೋಡೆಚಿತ್ರಗಳಿರುವ ಬೌದ್ಧ ಮಠ ನೋಡಿ, ಪಕ್ಕದಲ್ಲೇ ನಿಲ್ಜಾ ವಾಂಗ್ಮೋ ನಡೆಸುವ ಆಲ್ಚಿ ಕಿಚನ್‌ಗೆ ಹೋಗಿ. ಹೆಂಗಸರೇ ನಡೆಸುವ ಹೋಟೆಲ್. ಲಡಾಖಿ ಅಡುಗೆಯನ್ನೇ ಮುಂದಿಟ್ಟು ದುಡಿದಿದ್ದಕ್ಕೆ ಅವರಿಗೆ 2020ರ ಮಾರ್ಚ್‌ನಲ್ಲಿ ನಾರಿ ಶಕ್ತಿ ಪುರಸ್ಕಾರ ಸಿಕ್ಕಿತು. ಅಡುಗೆ ನಿಮ್ಮ ಕಣ್ಣೆದುರೇ ಆಗುತ್ತದೆ. ಅವಸರ ಮಾಡದೆ ಕೂತು ನೋಡಿ.

ಮನೆಗೆ ತರುವುದು

ಲೇಹ್ ಮುಖ್ಯ ಪೇಟೆಯ ಪಕ್ಕದ ಜಗಲಿಯಲ್ಲಿ ಹಳ್ಳಿಯ ಹೆಂಗಸರು ತರಕಾರಿ, ಹಣ್ಣು ಹರಡಿಕೊಂಡು ಕೂರುತ್ತಾರೆ. ನಮ್ಮ ದೇವರಾಜ ಮಾರುಕಟ್ಟೆಯ ಹೂವಿನ ಸಾಲು ನೆನಪಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಏಪ್ರಿಕಾಟ್ ಹಣ್ಣು ತಾಜಾ ಸಿಗುತ್ತದೆ. ಅಲ್ಲಿನ ಭಾಷೆಯಲ್ಲಿ ಅದು ಚುಲಿ. ಒಳಗಿನ ಬೀಜ ಬೆಳ್ಳಗಿರುವ ರಕ್ತ್ಸೆ ಕಾರ್ಪೋ ಅನ್ನುವ ಜಾತಿ ತುಂಬ ಸಿಹಿ. ನಮ್ಮ ನಂಜನಗೂಡು ರಸಬಾಳೆಗೆ ಇರುವಂಥ, ಇದು ಇಂಥ ಊರಿನದೇ ಅಂತ ಹೇಳುವ ಜಿಐ ಗುರುತು ಅದಕ್ಕೂ 2022ರಲ್ಲಿ ಸಿಕ್ಕಿದೆ. ತಾಜಾ ಹಣ್ಣು ಚೆನ್ನಾಗಿ ತೊಳೆದು ತಿನ್ನಿ, ಒಂದೇ ಸಲ ಜಾಸ್ತಿ ತಿಂದರೆ ಹೊಟ್ಟೆ ಸಡಿಲವಾಗುತ್ತದೆ. ಬೀಜದೊಳಗಿನ ತಿರುಳಿನಲ್ಲಿ ಸಿಹಿ, ಕಹಿ ಎರಡೂ ಇವೆ. ಕಹಿಯದನ್ನು ತಿನ್ನಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ, ಅದರಲ್ಲಿ ವಿಷದ ಅಂಶ ಇರುತ್ತದೆ.

ಸೀಬಕ್‌ಥಾರ್ನ್ ಅನ್ನುವ ಮುಳ್ಳುಗಿಡದ ಕಿತ್ತಳೆ ಬಣ್ಣದ ಹಣ್ಣಿನ ರಸವನ್ನು ಲೇಹ್‌ನಲ್ಲೇ ಕುಡಿದುಬಿಡಿ. ತುಂಬ ಹುಳಿ, ಸಿ ವಿಟಮಿನ್ ಹೇರಳ. ಬಾಟಲಿ ಹೊತ್ತು ತರುವ ಕಷ್ಟ ಬೇಡ. ಒಣ ಏಪ್ರಿಕಾಟ್ ತನ್ನಿ. ಕೊಳ್ಳುವ ಮುಂಚೆ ಒಂದು ಬಾಯಿಗೆ ಹಾಕಿ ನೋಡಿ. ಹೊಳೆಯುವ ಕಿತ್ತಳೆ ಬಣ್ಣದ್ದಕ್ಕಿಂತ ಕಂದು ಬಣ್ಣಕ್ಕೆ ತಿರುಗಿ ಸುಕ್ಕಾದದ್ದು ನಮಗೆ ಹೆಚ್ಚು ರುಚಿ ಅನ್ನಿಸಿತು.

ನಂಫೆ ಹಿಟ್ಟು ಒಂದು ಕೆಜಿ ಸಾಕು. ಅತ್ತೆ ಮೂರು ಕೆಜಿ ತಂದರು. ಮದ್ದೂರಿನ ಮನೆಯಲ್ಲಿ ಅದನ್ನು ರಾಗಿ ಹಿಟ್ಟಿನ ಜೊತೆ ಅರ್ಧಕ್ಕರ್ಧ ಬೆರೆಸಿ ಮುದ್ದೆ ಮಾಡಿದರು, ಮಸ್ಸೊಪ್ಪಿಗೆ ಚೆನ್ನಾಗಿ ಹೊಂದಿತು. ಬರೀ ನಂಫೆಯಲ್ಲಿ ಮಾಡಿದರೆ ನಮ್ಮ ಊರಿನಲ್ಲಿ ಜಿಗುಟಾಗುತ್ತದೆ. ನೀರು ಸ್ವಲ್ಪ ಕಡಿಮೆ ಇಟ್ಟು, ಒಲೆ ಸಣ್ಣ ಮಾಡಿ ತಿರುವಬೇಕು. ಉಳಿದ ಹಿಟ್ಟನ್ನು ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಇಲ್ಲಿನ ಮಳೆಗಾಲದ ತೇವಕ್ಕೆ ಎರಡೇ ವಾರದಲ್ಲಿ ಹುಳು ಬೀಳುತ್ತದೆ.